ತೆಂಗಿನಮರದ ಹಾರ್ನಿಗೆ ಎಷ್ಟು ಕೆಬಿಪಿಎಸ್ ಬೇಕು?

ಹಾಡನ್ನು ಎಂಪಿ3 ಮಾಡುವಾಗ ಬಿಟ್‌ರೇಟ್ ಎಷ್ಟಿಡಬೇಕು ಎಂಬ ಪ್ರಶ್ನೆಗೆ ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಈವರೆಗೆ ಶಾಸ್ತ್ರೋಕ್ತ ಉತ್ತರ ಸಿಕ್ಕಿರಲಿಲ್ಲ. ಯಾರೂ ಕೇಳಿರಲಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ಈ ಕೊರತೆಯನ್ನು ಮನಗಂಡು ನಾನೇ ಮುಂದೆ ಬಂದಿದ್ದೇನೆ. ನನ್ನ ಅರ್ಹತೆಯ ಬಗ್ಗೆ ಸಂಶಯ ಬೇಡ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಒಂದು ನನ್ನಲ್ಲಿದೆ. ಅದರ ಡಬ್ಬದ ಮೇಲೆ ಅಚ್ಚಾಗಿರುವುದನ್ನೆಲ್ಲ ಓದಿದ್ದೇನೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನೊಂದಿಗೆ ಏನನ್ನೂ ಬಿಸಾಕದೆ ಹಾಡನ್ನು ಹಿಡಿದಿಡುವ ಫ್ಲಾಕ್ ಫೈಲುಗಳ ವಿಚಾರವಾಗಿ ಮಾತು ಬಿಟ್ಟಿದ್ದೇನೆ. ತಜ್ಞನೆನ್ನಿಸಿಕೊಳ್ಳಲು ಇಷ್ಟು ಸಾಕೆಂದು ಈಗ ಎಲ್ಲ ಕ್ಷೇತ್ರಗಳಲ್ಲೂ ಒಪ್ಪಿಕೊಂಡಿದ್ದಾರೆ.

ಮೊದಲು ಲೆಕ್ಕ. ಸಿ.ಡಿ.ಯಲ್ಲಿರುವ ಸಂಗೀತ ಸೆಕೆಂಡಿಗೆ 1411 ಕಿಲೋಬಿಟ್ ಬೇಡುತ್ತದೆ. ಅದನ್ನು 128 ಕೆಬಿಪಿಎಸ್ ಎಂಪಿ3 ಮಾಡಿದರೆ ಉಳಿಯುವುದು ಹನ್ನೊಂದರಲ್ಲಿ ಒಂದು ಪಾಲು. ಐದು ನಿಮಿಷದ ಹಾಡು 53 ಎಂಬಿಯಿಂದ ಐದು ಎಂಬಿಗೂ ಕೆಳಗೆ ಇಳಿಯುತ್ತದೆ. ಮಿಕ್ಕ ಹತ್ತು ಪಾಲನ್ನು ಬಿಸಾಕಿದರೂ ಅರಸೀಕೆರೆ ತಾಲ್ಲೂಕಿನಲ್ಲಿ ಒಂದು ಮನವಿಪತ್ರ ಕೂಡ ಸಲ್ಲಿಕೆಯಾಗಲಿಲ್ಲ. ಕೊಬ್ಬರಿಯ ಬೆಂಬಲ ಬೆಲೆಯಲ್ಲಿ ಹನ್ನೊಂದರಲ್ಲಿ ಹತ್ತು ಪಾಲು ಕಡಿದಿದ್ದರೆ ಜಂಕ್ಷನ್ನಿನಲ್ಲಿ ರೈಲು ನಿಲ್ಲುತ್ತಿತ್ತು.

ಬಿಸಾಕಿದವರು ಯಾರೆಂಬುದು ರಹಸ್ಯವೇನಲ್ಲ. ಜರ್ಮನಿಯ ಎರ್ಲಾಂಗನ್ನಿನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಮತ್ತು ಅವರ ಸಂಗಡಿಗರು. ಫೈಲಿನ ಬಾಲಕ್ಕೆ 'ಎಂಪಿ3' ಎಂದು ಅವರು ನಾಮಕರಣ ಮಾಡಿದ್ದು 1995ರ ಜುಲೈ 14ರಂದು. ಅವರ ಸಿದ್ಧಾಂತ ಇಷ್ಟೇ: ದೊಡ್ಡ ಸದ್ದೊಂದು ಮೊಳಗುತ್ತಿರುವಾಗ ಅದರ ಆಸುಪಾಸಿನ ಶ್ರುತಿಯಲ್ಲಿರುವ ಸಣ್ಣ ಸದ್ದು ಮನುಷ್ಯನ ಕಿವಿಗೆ ಬೀಳುವುದಿಲ್ಲ. ಬೀಳದ್ದನ್ನು ಕಾಪಾಡಿ ಏನು ಫಲ, ತೆಗೆದುಬಿಡಿ. ಇದಕ್ಕೆ ಮಾಸ್ಕಿಂಗ್ ಎನ್ನುತ್ತಾರೆ.

ಹಾರನಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವಿರುವುದೇ ಅದರೊಳಗೆ. ನಮ್ಮೂರಿನಲ್ಲಿ ಮೂರು ಗರ್ಭಗುಡಿಯ ಲಕ್ಷ್ಮೀನರಸಿಂಹ ದೇವಾಲಯವಿದೆ. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಮೂವರು ಅಣ್ಣತಮ್ಮಂದಿರು 1230ರ ದಶಕದಲ್ಲಿ ಕಟ್ಟಿಸಿದ್ದು. ಊರಲ್ಲೇ ಸೋಮೇಶ್ವರ ದೇವಾಲಯವೂ ಇದೆ. ಬೇರೆ ಯಾವ ಜಿಲ್ಲೆಯಲ್ಲಿದ್ದರೂ ಇವು ಆ ಜಿಲ್ಲೆಯ ಕ್ಯಾಲೆಂಡರಿನ ಮೊದಲ ಹಾಳೆಯಲ್ಲಿರುತ್ತಿದ್ದವು. ಆದರೆ ಸ್ವಲ್ಪ ದೂರದಲ್ಲೇ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರಿಗೆ ಬೇಲೂರು. ಎರಡು ದೊಡ್ಡ ಸದ್ದು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಹೊಯ್ಸಳರ ಒಟ್ಟು ಕೆಲಸವನ್ನು ಬೇಲೂರು, ಹಳೇಬೀಡು, ಸೋಮನಾಥಪುರ ಎಂಬ ಮೂರು ಹೆಸರಿಗೆ ಸಂಕುಚಿಸಿ ವಿಶ್ವಪರಂಪರೆಯ ಪಟ್ಟಿಯಲ್ಲಿ ಉಳಿಸಿಕೊಂಡಿತು. ಹಾರನಹಳ್ಳಿ ಕೇಳಿಸುವ ಮಿತಿಗಿಂತ ಕೆಳಗೆ ಉಳಿಯಿತು. ಜರ್ಮನಿಯವರ ಶಾಸ್ತ್ರದಲ್ಲಿ ಇದು ಅನ್ಯಾಯದ ಪಟ್ಟಿಗೆ ಬರುವುದಿಲ್ಲ, ದಕ್ಷತೆಯ ಪಟ್ಟಿಗೆ ಬರುತ್ತದೆ. ಪ್ರವಾಸಿ ಬಸ್ಸಿನವರಿಗೂ ಏನೂ ತಪ್ಪಿಹೋದಂತೆ ಅನ್ನಿಸುವುದಿಲ್ಲ. ಏನು ತಪ್ಪಿತೆಂದು ಕೇಳುಗನಿಗೆ ಗೊತ್ತೇ ಆಗಬಾರದು, ಒಳ್ಳೆಯ ಎನ್‌ಕೋಡಿಂಗಿನ ಲಕ್ಷಣವೇ ಅದು.

ಹೊಯ್ಸಳರ ಶಿಲ್ಪಿಗಳಿಗೆ ಈ ದಕ್ಷತೆಯ ಕಲ್ಪನೆ ಇರಲಿಲ್ಲವೆಂಬುದು ವಿಷಾದದ ಸಂಗತಿ. ಬಳಪದ ಕಲ್ಲು ಗಣಿಯಿಂದ ಎತ್ತಿದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆ ಮೆದುತನವನ್ನು ದುರುಪಯೋಗ ಮಾಡಿಕೊಂಡು ಯಾರ ಕಣ್ಣೂ ಹೋಗದ ಸಂದಿಯಲ್ಲೂ ಮಣಿ, ಗೆಜ್ಜೆ, ಎಲೆಯ ನರ ಬಿಡಿಸಿಟ್ಟಿದ್ದಾರೆ. ಗೋಡೆಯ ಬುಡದಲ್ಲಿ ಆನೆ, ಕುದುರೆ, ಬಳ್ಳಿ, ಮಕರ, ಹಂಸ ಎಂದು ಸಾಲು ಮೇಲೆ ಸಾಲು. 128ರಲ್ಲಿ ಕೆತ್ತಿದ್ದರೆ ಆನೆಯ ಸಾಲೊಂದು ಸಾಕಾಗುತ್ತಿತ್ತು. ಹಂಸ ಇಲ್ಲವೆಂದು ಯಾವ ಪ್ರವಾಸಿಯೂ ಟಿಕೆಟ್ ದುಡ್ಡು ವಾಪಸು ಕೇಳುವುದಿಲ್ಲ.

ಇನ್ನು ಎಂಪಿ3ರ ಒಂದು ದೋಷ ಮಾತ್ರ ಹಾಸನ ಜಿಲ್ಲೆಗೆ ನೇರವಾಗಿ ಸಂಬಂಧಪಟ್ಟದ್ದು. ಬ್ರಾಂಡನ್‌ಬುರ್ಗ್ ತಮ್ಮ ತಂತ್ರವನ್ನು ತಿದ್ದಿ ತೀಡಿದ್ದು ಸೂಸನ್ ವೇಗಾ ಎಂಬ ಅಮೆರಿಕದ ಗಾಯಕಿ ವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಎಂಬ ಹಾಡನ್ನು ಮತ್ತೆ ಮತ್ತೆ ಕೇಳಿ. ಒಂಟಿ ದನಿ, ತಪ್ಪು ಮುಚ್ಚಿಕೊಳ್ಳಲು ಹಿಂದೆ ತಬಲಾ ಇಲ್ಲ, ಪಿಟೀಲು ಇಲ್ಲ. ಆಯ್ಕೆ ಸರಿಯೇ. ಆದರೆ ಫಟ್ಟೆಂದು ಹುಟ್ಟಿ ಫಟ್ಟೆಂದು ಸಾಯುವ ಸದ್ದುಗಳದ್ದು ಬೇರೆಯೇ ತಂಟೆ. ಎಂಪಿ3 ಸಂಗೀತವನ್ನು 1152 ಮಾದರಿಗಳ ಕಂತುಗಳಾಗಿ, ಎಂದರೆ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಹಿಡಿಯುತ್ತದೆ. ಒಂದು ತುಂಡಿನ ಕೊನೆಯಲ್ಲಿ ಏಟು ಬಿದ್ದರೆ ಅದರಿಂದಾಗುವ ಗೊರಗೊರ ಇಡೀ ತುಂಡಿಗೆ ಹರಡಿಕೊಳ್ಳುತ್ತದೆ. ಬಿಟ್‌ರೇಟ್ ಕಡಿಮೆಯಿದ್ದರೆ ಏಟು ಬೀಳುವ ಮೊದಲೇ ಅದರ ನೆರಳಿನಂಥ ಸದ್ದು ಕಿವಿಗೆ ಬರುತ್ತದೆ. ಇದಕ್ಕೆ ಪ್ರೀ-ಎಕೋ ಎಂದು ಹೆಸರು. ಯುರೋಪಿನವರು ಇದನ್ನು ಕ್ಯಾಸ್ಟನೆಟ್ ಎಂಬ ಚಿಟಿಕೆ ವಾದ್ಯದಿಂದ ಪರೀಕ್ಷಿಸುತ್ತಾರೆ. ನಮ್ಮ ಜಾತ್ರೆಯ ತಮಟೆಯನ್ನು ಎರ್ಲಾಂಗನ್ನಿಗೆ ಕಳಿಸಿದ್ದರೆ ಎಂಪಿ3 ಹುಟ್ಟುವುದು ಇನ್ನಷ್ಟು ತಡವಾಗುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಆದರೂ ತಮಟೆ ತುಂಬಿದ 96 ಕೆಬಿಪಿಎಸ್ ಫೈಲಿನ ಬಗ್ಗೆ ಊರಿನಲ್ಲಿ ಯಾರೂ ದೂರಿದ್ದಿಲ್ಲ. ಭವಿಷ್ಯವಾಣಿಗೆ ಹೆಸರಾದ ಕೋಡಿಮಠವಿರುವ ಊರು ಇದು. ಆಗುವುದು ಆಗುವ ಮುಂಚೆಯೇ ಕೇಳಿಬಂದರೆ ಇಲ್ಲಿ ಅದನ್ನು ದೋಷವೆಂದು ಎಣಿಸುವುದಿಲ್ಲ.

ಈಗ ಮಾರುಕಟ್ಟೆಗೆ ಬರೋಣ. ಒಂದು ಕಾಲದಲ್ಲಿ ಹಾಡನ್ನು ನಿಮಿಷದ ಲೆಕ್ಕದಲ್ಲಿ ಕೊಳ್ಳುತ್ತಿದ್ದೆವು. ಖಾಲಿ ಕ್ಯಾಸೆಟ್ಟು ಸಿಕ್ಸ್‌ಟಿಯೋ ನೈಂಟಿಯೋ ಎಂದು ಕೇಳಿ, ಹಾಡಿನ ಪಟ್ಟಿ ಬರೆದು ಕೊಟ್ಟು, ವಾರ ಬಿಟ್ಟು ಹೋಗಿ ತರುತ್ತಿದ್ದೆವು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟೆಂದು ಹೆಸರಾದ 'ನಿತ್ಯೋತ್ಸವ' ಬಂದಿದ್ದು 1978ರಲ್ಲಿ. ಅದು ಹಳ್ಳಿಯ ಟೇಪ್ ರೆಕಾರ್ಡರಿಗೆ ಬರುವ ಹೊತ್ತಿಗೆ ಕಾಪಿಯ ಕಾಪಿಯ ಕಾಪಿಯಾಗಿ, ಮೈಸೂರು ಅನಂತಸ್ವಾಮಿಯವರ ದನಿಯ ಹಿಂದೆ ಸೋನೆ ಮಳೆ ಹಿಡಿದಂತಿರುತ್ತಿತ್ತು. ಅದು ಮಲೆನಾಡಿನ ವಾತಾವರಣಕ್ಕಾಗಿ ಬೇಕೆಂದೇ ಸೇರಿಸಿದ್ದು ಎಂದು ಬಹಳ ಜನ ತಿಳಿದಿದ್ದರು. ಆಮೇಲೆ ಮೆಮೊರಿ ಕಾರ್ಡ್ ಬಂತು, ಹಾಡನ್ನು ತೂಕದ ಲೆಕ್ಕದಲ್ಲಿ ಕೊಳ್ಳುವ ಕಾಲವೂ ಬಂತು. ಬಸ್‌ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಎಷ್ಟು ಜಿಬಿ ಹಾಕ್ಲಿ ಅಣ್ಣ?"

ಯಾವ ಹಾಡು, ಯಾವ ಗಾಯಕ, ಯಾವ ಫಾರ್ಮ್ಯಾಟು, ಇವೆಲ್ಲ ಅವನ ವೃತ್ತಿಘನತೆಗೆ ಕಡಿಮೆ. ನಾಲ್ಕು ಜಿಬಿ ಕಾರ್ಡಿಗೆ 128ರಲ್ಲಿ ಐದು ನಿಮಿಷದ ಹಾಡು ಎಂಟುನೂರಕ್ಕೂ ಹೆಚ್ಚು ಹಿಡಿಯುತ್ತವೆ, 320ರಲ್ಲಾದರೆ ಮುನ್ನೂರ ಚಿಲ್ಲರೆ. ಗಿರಾಕಿಗೆ ಎಂಟುನೂರು ಬೇಕು. ಎಂಟುನೂರರಲ್ಲಿ ಅವನು ಕೇಳುವುದು ಹನ್ನೆರಡನ್ನು. ಫೋಲ್ಡರುಗಳ ಹೆಸರು ರಾಜ್ ಹಿಟ್ಸ್, ಭಕ್ತಿ, ಹೊಸ ಹಾಡು, ಹೊಸ ಹಾಡು ಹೊಸದು. ನಾನೊಮ್ಮೆ ಪರದೆಯ ಮೇಲೆ '320 ಕೆಬಿಪಿಎಸ್' ಎಂದು ಹೆಸರಿನಲ್ಲೇ ಬರೆದುಕೊಂಡಿದ್ದ ಫೈಲನ್ನು ತೋರಿಸಿ ವಿಚಾರಣೆ ನಡೆಸಿದೆ.

"ಇದು ನಿಜವಾಗ್ಲೂ 320 ಹೌದೇನಪ್ಪ?"

"ಹೆಸ್ರಲ್ಲೇ ಐತಲ್ಲಣ್ಣ."

"ಹೆಸ್ರು ಯಾರು ಬೇಕಾದ್ರೂ ಇಡಬಹುದಲ್ಲಪ್ಪ."

"ಯಾಕಣ್ಣ, ನಿಮ್ಗೆ ಅನುಮಾನ ಆದ್ರೆ 640 ಮಾಡ್ಕೊಡ್ತೀನಿ ಬಿಡಿ."

ಎಂಪಿ3 ಎಂಬುದು ನಿಯಮದ ಪ್ರಕಾರ 320ಕ್ಕೆ ನಿಲ್ಲುತ್ತದೆ ಎಂದು ನಾನು ಹೇಳಲಿಲ್ಲ. ಉತ್ಸಾಹಿ ಯುವಕರನ್ನು ನಿಯಮ ಹೇಳಿ ಕುಗ್ಗಿಸಬಾರದು. ಆದರೆ ಓದುಗರಿಗೆ ಹೇಳಲೇಬೇಕು. 128ರ ಫೈಲನ್ನು ಸಾಫ್ಟ್‌ವೇರಿಗೆ ಕೊಟ್ಟು 320 ಮಾಡಿಸುವುದು ಕೊಬ್ಬರಿಗೆ ನೀರು ಹುಯ್ದು ಎಳನೀರು ಕುಡಿಯಲು ಕೂತಂತೆ. ಒಣಗಿದ್ದು ಒಣಗಿತು. ಫೈಲಿನ ಗಾತ್ರ ಎರಡೂವರೆ ಪಟ್ಟಾಗುತ್ತದೆ, ಹೋದ ಸ್ವರ ಬರುವುದಿಲ್ಲ. ಮೇಲಾಗಿ ಎರಡನೇ ಸಲ ಹಿಂಡಿದ್ದರಿಂದ ಇದ್ದದ್ದೂ ಒಂದಿಷ್ಟು ಹೋಗಿರುತ್ತದೆ. ಕಳ್ಳಮಾಲನ್ನು ಹಿಡಿಯಲು ದಾರಿ ಇದೆ. 128ರಲ್ಲಿ ಎನ್‌ಕೋಡ್ ಮಾಡುವಾಗ ಸಾಮಾನ್ಯವಾಗಿ 16 ಸಾವಿರ ಹರ್ಟ್ಸ್ ಆಸುಪಾಸಿನಿಂದ ಮೇಲಿನದನ್ನು ಪೂರ್ತಿ ಕತ್ತರಿಸಿರುತ್ತಾರೆ. 320 ಎಂದು ಹೇಳಿಕೊಳ್ಳುವ ಫೈಲಿನ ಸ್ಪೆಕ್ಟ್ರಮ್ ಚಿತ್ರದಲ್ಲಿ ಆ ಎತ್ತರಕ್ಕೆ ಗರಗಸದಲ್ಲಿ ಕೊಯ್ದಂಥ ಗೆರೆ ಕಂಡರೆ ಮಾಲು ಹಳೆಯದು, ಚೀಲ ಮಾತ್ರ ಹೊಸದು.

ಆ ಕತ್ತರಿಸಿದ್ದು ನಮಗೆ ಕೇಳಿಸುತ್ತಿತ್ತೇ ಎಂಬುದು ಅಹಿತಕರ ಪ್ರಶ್ನೆ. ಮನುಷ್ಯನ ಕಿವಿ 20ರಿಂದ 20 ಸಾವಿರ ಹರ್ಟ್ಸ್‌ವರೆಗೆ ಎಂದು ಪಠ್ಯಪುಸ್ತಕದಲ್ಲಿದೆ. ಅದು ಎಳೆಯರ ಕಿವಿ. ವಯಸ್ಸಾದಂತೆ ಮೇಲಿನ ತುದಿಯಿಂದ ಕೇಳಿಸುವುದು ನಿಲ್ಲುತ್ತಾ ಬರುತ್ತದೆ. ಐವತ್ತು ದಾಟಿದ ಬಹುತೇಕರಿಗೆ 16 ಸಾವಿರದ ಮೇಲೆ ಏನಿದ್ದರೂ ಒಂದೇ. ಧ್ವನಿಯ ಗುಣಮಟ್ಟದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡುವವರು, ದುಬಾರಿ ಸ್ಪೀಕರ್ ಕೊಳ್ಳುವ ಶಕ್ತಿಯಿರುವವರು, ಬಹುಪಾಲು ಇದೇ ವಯೋಮಾನದವರು. ಇದಕ್ಕಿಂತ ಹೆಚ್ಚಿಗೆ ನಾನು ಹೇಳಲಾರೆ, ನನಗೂ ಹೆಡ್‌ಫೋನಿನ ಕಂತು ಬಾಕಿಯಿದೆ.

ವಾದ ಬೇಡ, ಪರೀಕ್ಷೆ ಆಗಲಿ ಎನ್ನುವವರಿಗೆ ಒಂದು ಒಳ್ಳೆಯ ಪದ್ಧತಿ ಇದೆ. ಯಾವುದು ಯಾವುದೆಂದು ಹೇಳದೆ ಎರಡು ಫೈಲು ಕೇಳಿಸಿ, ಆಮೇಲೆ ಅವೆರಡರಲ್ಲಿ ಒಂದನ್ನು ಮತ್ತೆ ಕೇಳಿಸಿ, ಇದು ಯಾವುದಿತ್ತು ಎಂದು ಕೇಳುವುದು. ನಾನಿದನ್ನು ದೇವಸ್ಥಾನದ ದಾರಿಯ ಹೋಟೆಲಿನಲ್ಲಿ ನೆರವೇರಿಸಿದೆ. ಎರಡರ ಜೋರು ಸಮನಾಗಿರಬೇಕು ಎಂಬುದು ಇಲ್ಲಿನ ಕಟ್ಟುನಿಟ್ಟಾದ ನಿಯಮ. ಒಂದು ಡೆಸಿಬೆಲ್ ಜೋರಿದ್ದರೂ ಅದೇ ಸೊಗಸು ಎಂದು ಕಿವಿ ತೀರ್ಪು ಕೊಡುತ್ತದೆ. ನಮ್ಮಲ್ಲಿ ಪ್ರಯೋಗಾಲಯದ ಸ್ಪೀಕರ್ ಇಲ್ಲದ ಕಾರಣ ಫೋನನ್ನು ಸ್ಟೀಲ್ ಲೋಟದೊಳಗೆ ಇಳಿಬಿಟ್ಟೆ. ದೋಸೆಯ ಚುಂಯ್ ಸದ್ದು ಎರಡೂ ಫೈಲಿಗೆ ಸಮಾನವಾಗಿ ಸಿಗುವಂತೆ ನೋಡಿಕೊಂಡೆ. ಹಿರಿಯರೊಬ್ಬರು ಕಣ್ಣು ಮುಚ್ಚಿ ಕೇಳಿ, ಎರಡನೆಯದೇ ಉತ್ತಮ ಎಂದರು. ಕಾರಣ ಕೇಳಿದೆ.

"ಎರಡ್ನೇದು ರಾಜ್‌ಕುಮಾರ್ ಹಾಡಲ್ವೇನಪ್ಪಾ."

"ಮೊದಲ್ನೇದೂ ಅದೇ ಹಾಡು ಯಜಮಾನ್ರೇ."

"ಇರ್ಬೋದು. ಎರಡ್ನೇ ಸಲ ಕೇಳ್ದಾಗ ಇನ್ನೂ ಚೆನ್ನಾಗಿತ್ತು."

ಈ ಫಲಿತಾಂಶವನ್ನು ನಾನು ತಳ್ಳಿಹಾಕುವುದಿಲ್ಲ. ಫಾರ್ಮ್ಯಾಟಿಗಿಂತ ಹಾಡು ಮುಖ್ಯ ಎಂಬ ಅಪಾಯಕಾರಿ ನಿಲುವು ಇದರಲ್ಲಿ ಅಡಗಿದೆ. ಇದು ಹಬ್ಬಿದರೆ ನನ್ನಂಥವರ ಗತಿ ಏನೆಂಬುದನ್ನು ಸಮಾಜ ಯೋಚಿಸಬೇಕು.

ಪ್ರಯೋಗಾಲಯ ಬಿಟ್ಟು ಬಯಲಿಗೆ ಬಂದರೆ ಸಿಗುವುದು ಹಾರ್ನು. ತೆಂಗಿನಮರಕ್ಕೆ ಹಗ್ಗದಲ್ಲಿ ಬಿಗಿದ, ಬಾಯಿ ಊರ ಕಡೆಗಿರುವ, ಬೂದು ಬಣ್ಣದ ಆ ಉಪಕರಣವೇ ನಮ್ಮ ಭಾಗದ ಸಂಗೀತದ ಕೊನೆಯ ಮಾತು. ಸುಮಾರು 300ರಿಂದ ಆರೇಳು ಸಾವಿರ ಹರ್ಟ್ಸ್‌ವರೆಗೆ ಮಾತ್ರ ಅದು ಬಾಯಿ ಬಿಡುತ್ತದೆ. ಕೆಳಗಿನ ಮೃದಂಗದ ಎಡಗೈ ಅದಕ್ಕೆ ಗೊತ್ತಿಲ್ಲ, ಮೇಲಿನ ತಂಬೂರಿಯ ಝೇಂಕಾರ ಅದಕ್ಕೆ ಬೇಕಿಲ್ಲ. ಎಡ ಬಲ ಎಂಬ ಭೇದವೂ ಇಲ್ಲ. ನೀವು 320ರ ಸ್ಟೀರಿಯೊ ಕೊಡಿ, ಫ್ಲಾಕ್ ಕೊಡಿ, ಗಾಯಕರನ್ನೇ ಕರೆತಂದು ನಿಲ್ಲಿಸಿ, ಅದು ಎಲ್ಲವನ್ನೂ ಹಾರ್ನಿನ ದನಿಯಲ್ಲೇ ಹೇಳುತ್ತದೆ. 64 ಕೆಬಿಪಿಎಸ್ ಮೊನೊ ಫೈಲಿನಲ್ಲಿ ಹಾರ್ನಿಗೆ ಬೇಕಾದ್ದೆಲ್ಲ ಇದೆ, ಬೇಡದ್ದೂ ಒಂದಿಷ್ಟು ಇದೆ. ಹಬ್ಬದ ಸಮಿತಿಗಳು ಇದನ್ನು ಗಮನಿಸಿದರೆ ಪೆನ್‌ಡ್ರೈವಿನಲ್ಲಿ ಸಾಕಷ್ಟು ಜಾಗ ಮಿಗುತ್ತದೆ. ಆ ಜಾಗಕ್ಕೆ ಇನ್ನಷ್ಟು ಹಾಡು ತುಂಬುತ್ತಾರೆ ಎಂಬ ಭಯದಿಂದ ಈ ವಿಷಯವನ್ನು ನಾನು ಊರಿನಲ್ಲಿ ಇನ್ನೂ ಬಹಿರಂಗಪಡಿಸಿಲ್ಲ.

ಹಾರ್ನಿನ ವಿಚಾರದಲ್ಲಿ ಕೇಂದ್ರ ಸರ್ಕಾರವೂ ಒಂದು ತಾಂತ್ರಿಕ ಶಿಫಾರಸು ಮಾಡಿದೆ. ಶಬ್ದಮಾಲಿನ್ಯ ನಿಯಮಗಳು, 2000. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಹಬ್ಬ ಉತ್ಸವಗಳಿಗೆ, ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಇದರಿಂದ ನಸುಕಿನ ಐದು ಗಂಟೆಯ ಭಕ್ತಿಗೀತೆಗೆ ಸೂಕ್ತವಾದ ಬಿಟ್‌ರೇಟ್ ನಿರ್ವಿವಾದವಾಗಿ ಸಿದ್ಧವಾಗುತ್ತದೆ: ಸೊನ್ನೆ ಕೆಬಿಪಿಎಸ್. ಈ ದರದಲ್ಲಿ ಎಂಪಿ3, ಅದರ ನಂತರ ಬಂದ ಎಎಸಿ, ಓಪಸ್ ಈ ಮೂರು ಫಾರ್ಮ್ಯಾಟೂ ಒಂದೇ ಗುಣಮಟ್ಟ ಕೊಡುತ್ತವೆ, ಪ್ರೀ-ಎಕೋ ಸಂಪೂರ್ಣ ನಿವಾರಣೆಯಾಗುತ್ತದೆ, ತಜ್ಞರ ನಡುವೆ ಭಿನ್ನಮತ ಉಳಿಯುವುದಿಲ್ಲ. ಕೆ.ಎಸ್.ಆರ್.ಟಿ.ಸಿ. ಬಸ್ಸಿನಲ್ಲಿ ಮೊಬೈಲಿನಿಂದ ಜೋರಾಗಿ ಹಾಡು ಹಾಕಬಾರದೆಂದು 2021ರ ನವೆಂಬರಿನಲ್ಲಿ ಹೊರಟ ಆದೇಶವೂ ಇದೇ ಗುಣಮಟ್ಟವನ್ನು ಎತ್ತಿ ಹಿಡಿಯುತ್ತದೆ. ಎರಡೂ ಶಿಫಾರಸುಗಳನ್ನು ಜನ ಎಷ್ಟು ಗೌರವದಿಂದ ಕಾಣುತ್ತಾರೆಂದರೆ, ಬಳಸಿ ಸವೆಸುವುದೇ ಇಲ್ಲ.

ಬ್ಲೂಟೂತ್ ಸ್ಪೀಕರ್ ಹಾರ್ನಿಗಿಂತ ಮೇಲಲ್ಲವೇ ಎಂದು ಪಟ್ಟಣದ ಓದುಗರು ಕೇಳಬಹುದು. ಮೇಲು. ಆದರೆ ನೀವು ಕಷ್ಟಪಟ್ಟು ಸಂಪಾದಿಸಿದ 320ರ ಫೈಲನ್ನು ಫೋನು ಮೊದಲು ಬಿಚ್ಚುತ್ತದೆ, ಆಮೇಲೆ ಗಾಳಿಯಲ್ಲಿ ಕಳಿಸಲು ಸಾಮಾನ್ಯವಾಗಿ ಎಸ್‌ಬಿಸಿ ಎಂಬ ಇನ್ನೊಂದು ತಂತ್ರದಲ್ಲಿ ಮತ್ತೆ ಹಿಂಡುತ್ತದೆ. ಅದೂ ನಷ್ಟದ ಬಾಬತ್ತೇ. ಟ್ರ್ಯಾಕ್ಟರಿನ ಡೆಕ್ಕಿನಲ್ಲಿ ಈ ತೊಂದರೆ ಇಲ್ಲ, ಪೆನ್‌ಡ್ರೈವ್ ನೇರ ಚುಚ್ಚುತ್ತಾರೆ. ಅಲ್ಲಿ ಡೀಸೆಲ್ ಎಂಜಿನ್ನೇ ಕೆಳಗಿನ ಸ್ವರಗಳ ಮಾಸ್ಕಿಂಗ್ ಜವಾಬ್ದಾರಿ ಹೊತ್ತಿರುವುದರಿಂದ ಎನ್‌ಕೋಡರಿಗೆ ಕೆಲಸ ಹಗುರ.

ತಾಂತ್ರಿಕವಾಗಿ ನೋಡಿದರೆ ನಮ್ಮೂರಿನಲ್ಲಿರುವ ಅತ್ಯುತ್ತಮ ಫಾರ್ಮ್ಯಾಟ್ ಓಪಸ್. 2012ರಲ್ಲಿ ಮಾನಕವಾದದ್ದು, ಬಳಸಲು ಶುಲ್ಕವಿಲ್ಲ, ಕಡಿಮೆ ಬಿಟ್ಟಿನಲ್ಲಿ ಮಾತನ್ನು ಇದರಷ್ಟು ಅಚ್ಚುಕಟ್ಟಾಗಿ ಹಿಡಿಯುವುದು ಅಪರೂಪ. ವಾಟ್ಸಾಪಿನ ವಾಯ್ಸ್ ಮೆಸೇಜು ಇದರಲ್ಲೇ ಇರುತ್ತದೆ. ದೇಶವಿದೇಶದ ಎಂಜಿನಿಯರುಗಳು ತಲೆ ಕೊಟ್ಟು ರೂಪಿಸಿದ ಈ ತಂತ್ರದಲ್ಲಿ ಹಾರನಹಳ್ಳಿಯಿಂದ ಬೆಂಗಳೂರಿಗೆ ದಿನವೂ ಹೋಗುವ ವಿಷಯ "ಊಟ ಆಯ್ತಾ". ಅತ್ತಲಿಂದ ಬರುವ ಉತ್ತರ "ಹ್ಞೂ". ಹಳೆಯ ಎಂಪಿ3ಯಾದರೋ 2017ರಲ್ಲಿ ಪೇಟೆಂಟಿನಿಂದ ಬಿಡುಗಡೆ ಹೊಂದಿತು, ಫ್ರೌನ್‌ಹೋಫರ್ ತನ್ನ ಪರವಾನಗಿ ವ್ಯವಹಾರವನ್ನು ನಿಲ್ಲಿಸಿತು. ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಸುದ್ದಿ ಮುಟ್ಟಿಸಿದೆ. ಅದಕ್ಕೂ ಮುಂಚೆ ಏನೋ ಕೊಡಬೇಕಿತ್ತೆಂಬುದೇ ಅಲ್ಲಿ ಹೊಸ ಸುದ್ದಿ.

ತೀರ್ಪು ಕೊಟ್ಟು ಮುಗಿಸುತ್ತೇನೆ. ಮಾತು, ಪ್ರವಚನ, ಹರಿಕಥೆಗೆ ಓಪಸ್ 32 ಸಾಕು. ಸಂಗೀತಕ್ಕೆ ಎಎಸಿ ಅಥವಾ ಓಪಸ್ 128. ಎಂಪಿ3ಯೇ ಬೇಕೆಂದರೆ ಲೇಮ್ ಎನ್‌ಕೋಡರಿನ ವಿ2, ಸರಾಸರಿ 190ರ ಆಸುಪಾಸು ಬರುತ್ತದೆ. ಎಲ್ಲಿ ಬೇಕೋ ಅಲ್ಲಿ ಮಾತ್ರ ಬಿಟ್ ಖರ್ಚು ಮಾಡುವ ಪದ್ಧತಿ ಅದು. ಸ್ಥಿರ 320ರಲ್ಲಾದರೆ ಗಾಯಕ ಉಸಿರೆಳೆದುಕೊಳ್ಳುವ ಹೊತ್ತಿಗೂ ಸೆಕೆಂಡಿಗೆ 320 ಕಿಲೋಬಿಟ್ ಸಂದಾಯವಾಗುತ್ತದೆ, ಅದನ್ನು ನೆಂಟರಿಗೆ ತೋರಿಸಲು ಇಟ್ಟುಕೊಳ್ಳಿ. ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ಮಾತ್ರ ಮೊದಲು ಫ್ಲಾಕಿಗೆ ಇಳಿಸಿ, ಕತ್ತರಿಸುವುದಿದ್ದರೆ ಆಮೇಲೆ ಅದರ ನಕಲನ್ನು ಕತ್ತರಿಸಿ. ಹಾರ್ನಿಗೆ 64 ಮೊನೊ. ಅದಕ್ಕೂ ಚೆನ್ನಾಗಿ ಕೇಳಬೇಕೆಂದರೆ ಆಂಪ್ಲಿಫಯರಿನ ದೊಡ್ಡ ತಿರುಪನ್ನು ಎಡಕ್ಕೆ ತಿರುಗಿಸಿ. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ತಜ್ಞರನ್ನೂ ಕರೆಸಬೇಕಾಗಿಲ್ಲ.